ಗಿಟಾರಿಗೆ ಎಷ್ಟು ವಾಟ್ ಸಾಕು?

ಮೈಸೂರಿನಲ್ಲಿ ಹೊಸದಾಗಿ ಬ್ಯಾಂಡ್ ಕಟ್ಟಿದವರು ಆಂಪ್ ಬಗ್ಗೆ ಕೇಳುವ ಮೊದಲ ಪ್ರಶ್ನೆ ವಾಟಿನದು. ಐವತ್ತು ಸಾಕಾ, ನೂರೇ ಬೇಕಾ? ನುಡಿಸುವುದು ಎಲ್ಲಿ ಎಂದು ನಾನು ತಿರುಗಿ ಕೇಳುತ್ತೇನೆ. ರಂಗಾಯಣದ ಭೂಮಿಗೀತದಂಥ ಪುಟ್ಟ ರಂಗಮಂದಿರದಲ್ಲೋ, ಅದೇ ಆವರಣದ ಕಲಾಮಂದಿರದಲ್ಲೋ, ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲೋ, ಇಲ್ಲಾ ಯುವ ದಸರಾ ಮೈದಾನದಲ್ಲೋ? ಈ ನಾಲ್ಕೂ ಕಡೆಗೆ ಒಂದೇ ಸಣ್ಣ ಆಂಪ್ ಸಾಕು ಎಂದರೆ ಯಾರೂ ಒಪ್ಪುವುದಿಲ್ಲ. ಯಾಕೆ ಸಾಕು ಎಂದು ತಿಳಿಯಬೇಕಾದರೆ ಕೊಂಚ ಹಿಂದಕ್ಕೆ ಹೋಗಬೇಕು.

ಲಂಡನ್ನಿನಲ್ಲಿ ಡ್ರಮ್ಸ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ತನ್ನ ಮೊದಲ ಆಂಪ್ ತಂದಾಗ ಸಭಾಂಗಣಗಳ ಪಿಎ, ಅಂದರೆ ಕೇಳುಗರತ್ತ ತಿರುಗಿಸಿದ ಧ್ವನಿವರ್ಧಕ ವ್ಯವಸ್ಥೆ, ಹಾಡುಗಾರರ ದನಿಗಷ್ಟೇ ಮೀಸಲು. ಗಿಟಾರಿನ ಸದ್ದು ಕೊನೆಯ ಸಾಲಿಗೆ ಮುಟ್ಟಬೇಕಾದರೆ ಆಂಪೇ ದುಡಿಯಬೇಕು. ಆಗಿನ ಒಂದೊಂದು ಸ್ಪೀಕರ್ ತಡೆದುಕೊಳ್ಳುತ್ತಿದ್ದುದು ಇಪ್ಪತ್ತು, ಇಪ್ಪತ್ತೈದು ವಾಟ್. ಅದಕ್ಕೇ ಹನ್ನೆರಡು ಇಂಚಿನ ನಾಲ್ಕು ಸ್ಪೀಕರುಗಳನ್ನು ಒಂದೇ ಪೆಟ್ಟಿಗೆಯೊಳಗೆ ಕೂರಿಸಿದರು. ದಿ ಹೂ ತಂಡದ ಪೀಟ್ ಟೌನ್‌ಷೆಂಡ್ ಎಂಟು ಸ್ಪೀಕರಿನ ಪೆಟ್ಟಿಗೆಯನ್ನೇ ಮಾಡಿಸಿದರು. ಹೊರುವವರಿಗೆ ಅದು ಆಗದ ಕೆಲಸವಾಯಿತು. ಹಾಗಾಗಿ ನಾಲ್ಕು ನಾಲ್ಕರ ಎರಡು ಪೆಟ್ಟಿಗೆ ಒಂದರ ಮೇಲೊಂದು ಬಂತು. ಪೋಸ್ಟರುಗಳಲ್ಲಿ ನಾವು ನೋಡಿ ಆಸೆಪಟ್ಟ ಆ ಪೆಟ್ಟಿಗೆಗಳ ಗೋಡೆ ಹುಟ್ಟಿದ್ದು ಪಿಎ ಬಡವಾಗಿದ್ದ ಕಾಲದಲ್ಲಿ.

ಈಗ ಕಾಲ ತಿರುಗಿದೆ. ಮಹಾರಾಜ ಕಾಲೇಜು ಮೈದಾನದಲ್ಲಿ ನಡೆಯುತ್ತಿದ್ದ ಯುವ ದಸರಾ 2024ರಲ್ಲಿ ಉತ್ತನಹಳ್ಳಿಯ ಬಯಲಿಗೆ ಹೋಯಿತು. ಅಂಥ ಬಯಲನ್ನು ತುಂಬುವುದು ಗಿಟಾರ್ ಆಂಪ್ ಅಲ್ಲ, ಸಾಲಾಗಿ ತೂಗುಹಾಕಿದ ಪಿಎ ಸ್ಪೀಕರುಗಳು. ಆಂಪಿನ ಮುಂದೆ ಒಂದು ಮೈಕ್ ಇಟ್ಟರೆ ಆಯಿತು, ಮಿಕ್ಕಿದ್ದು ಸೌಂಡ್‌ನವರ ಕೆಲಸ. ಆಂಪ್ ಗೆಲ್ಲಬೇಕಾದದ್ದು ನಿಮ್ಮ ಡ್ರಮ್ಮರನ ಸದ್ದನ್ನು ಮಾತ್ರ.

ವಾಟಿನ ಲೆಕ್ಕಕ್ಕೆ ಬರೋಣ. ವಾಟ್ ಇಮ್ಮಡಿಯಾದರೆ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಡೆಸಿಬೆಲ್, ಅಂದರೆ ಹತ್ತುಪಟ್ಟು ವಾಟ್ ಬೇಕು. ಹದಿನೈದು ವಾಟಿಗೂ ನೂರು ವಾಟಿಗೂ ಇರುವ ಅಂತರ ಎಂಟು ಡೆಸಿಬೆಲ್ ಚಿಲ್ಲರೆ. ದುಡ್ಡು, ತೂಕ ಎರಡೂ ಏರಿ, ಸದ್ದು ಎರಡುಪಟ್ಟೂ ಆಗಲಿಲ್ಲ. ಇನ್ನೊಂದು ಕಡೆ, ಸ್ಪೀಕರ್ ಬದಲಿಸಿದರೇ ಆ ಮೂರು ಡೆಸಿಬೆಲ್ ಬಂದುಬಿಡುತ್ತದೆ. ಸೆಲೆಷನ್ ಕಂಪನಿಯ ಜಿ12ಟಿ-75 ಸ್ಪೀಕರಿಗೆ ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ 97 ಡೆಸಿಬೆಲ್. ಅದೇ ಕಂಪನಿಯ ವಿಂಟೇಜ್ 30ಕ್ಕೆ 100. ಕೊಳ್ಳುವವರು ಆಂಪಿನ ಮೇಲಿನ ಅಂಕಿ ಓದುತ್ತಾರೆ, ಸ್ಪೀಕರಿನ ವಿವರಪಟ್ಟಿಯಲ್ಲಿರುವುದನ್ನು ಓದುವುದಿಲ್ಲ. ನನಗೆ ಬೇಸರವಾಗುವುದು ಇಲ್ಲೇ.

ಒಮ್ಮೆ ಒಂದು ಕಾಲೇಜಿನ ಹಬ್ಬಕ್ಕೆ ನಾವು ನೂರು ವಾಟಿನ ವಾಲ್ವ್ ಆಂಪ್ ಮತ್ತು ನಾಲ್ಕು ಸ್ಪೀಕರಿನ ಪೆಟ್ಟಿಗೆ ಒಯ್ದಿದ್ದೆವು. ಆ ಪೆಟ್ಟಿಗೆಯೊಂದೇ ಮೂವತ್ತೈದು ಕಿಲೋ ದಾಟುತ್ತದೆ; ಆಟೋದಲ್ಲಿ ಹಿಡಿಸದೆ ಗೂಡ್ಸ್ ಗಾಡಿ ಹಿಡಿದೆವು. ವೇದಿಕೆಯ ಮೇಲೆ ವಾಲ್ಯೂಮ್ ಎರಡರ ಆಚೆ ತಿರುಗಿಸಲಾಗಲಿಲ್ಲ. ಅಷ್ಟಕ್ಕೇ ಎದುರಿನ ನಾಲ್ಕು ಸಾಲು ಕಿವಿ ಮುಚ್ಚಿಕೊಂಡಿತು, ಬದಿಯಲ್ಲಿ ಕೂತವರಿಗೆ ಗಿಟಾರೇ ಕೇಳಿಸಲಿಲ್ಲ. ಹನ್ನೆರಡು ಇಂಚಿನ ಸ್ಪೀಕರ್ ತಾರದ ಸ್ವರಗಳನ್ನು ಟಾರ್ಚ್ ಬೆಳಕಿನ ಹಾಗೆ ನೆಟ್ಟಗೆ ಎಸೆಯುತ್ತದೆ. ಎದುರು ನಿಂತವರಿಗೆ ಕರ್ಕಶ, ಪಕ್ಕದವರಿಗೆ ಮಂಕು. ಆ ಸಂಜೆ ಕೇಳುಗರಿಗೆ ನಾವು ಕೊಟ್ಟ ಹಿಂಸೆ ನನಗೆ ಇನ್ನೂ ಮರೆತಿಲ್ಲ.

ಪೆಟ್ಟಿಗೆಯ ಬೆನ್ನು ಮುಚ್ಚಿದ್ದರೆ ಮಂದ್ರ ಗಟ್ಟಿ, ಎದೆಗೆ ಗುದ್ದುವ ಗುಣ ಉಂಟು, ಆದರೆ ಸದ್ದು ಮುಂದಕ್ಕೇ ಹೋಗುತ್ತದೆ. ಬೆನ್ನು ತೆರೆದಿದ್ದರೆ ಹಿಂದೆ ನಿಂತ ಡ್ರಮ್ಮರನಿಗೂ ಕೇಳುತ್ತದೆ. ಹಿಂದಿನ ಅಲೆ ಮುಂದಿನದನ್ನು ಒಂದಿಷ್ಟು ಅಳಿಸುವುದರಿಂದ ಮಂದ್ರ ಸೊರಗುತ್ತದೆ. ನುಡಿಸುವವರ ಕಡೆಗೆ ತಿರುಗಿಸಿಡುವ ಮಾನಿಟರುಗಳು ಸರಿಯಿಲ್ಲದ ಸಣ್ಣ ವೇದಿಕೆಗೆ ನನ್ನ ಆಯ್ಕೆ ತೆರೆದ ಬೆನ್ನಿನ, ಒಂದೇ ಸ್ಪೀಕರಿನ ಪೆಟ್ಟಿಗೆ. ಕುರ್ಚಿಯ ಮೇಲಿಟ್ಟು, ಕಿವಿಯ ಕಡೆಗೆ ಕೊಂಚ ಓರೆ ಮಾಡಿಕೊಳ್ಳಿ. ಮೊಣಕಾಲಿಗೆ ಕೇಳಿಸುವ ಆಂಪನ್ನು ಎಲ್ಲರೂ ಬೇಡದಷ್ಟು ಏರಿಸುತ್ತಾರೆ.

ಹಳೆಯ ಪೆಟ್ಟಿಗೆ ಕೊಳ್ಳುವವರು ಮಲ್ಟಿಮೀಟರ್ ಜೊತೆಗೊಯ್ಯಬೇಕು. ಸ್ಪೀಕರ್ ಕೇಬಲ್ಲಿನ ಒಂದು ತುದಿ ಪೆಟ್ಟಿಗೆಗೆ ಚುಚ್ಚಿ, ಇನ್ನೊಂದು ತುದಿಯ ಜಾಕಿನ ಮೊನೆಗೊಂದು, ಬುಡಕ್ಕೊಂದು ಕಡ್ಡಿ ಮುಟ್ಟಿಸಿ. ಎಂಟು ಓಮ್ ಎಂದು ಬರೆದಿದ್ದರೆ ಮೀಟರು ಆರು, ಆರೂವರೆಯ ಆಸುಪಾಸು ತೋರಿಸಬೇಕು. ಅದು ಸರಿಯಾದ ಲೆಕ್ಕವೇ. ಮೀಟರು ಅಳೆಯುವುದು ಸುರುಳಿಯ ಡಿಸಿ ತಡೆಯನ್ನಷ್ಟೇ. ಮೂರು ಚಿಲ್ಲರೆ ತೋರಿಸಿದರೆ ಒಳಗೆ ನಾಲ್ಕು ಓಮ್ ಇದೆ. ಅಂಕಿಯೇ ಬರದಿದ್ದರೆ ಸುರುಳಿ ಸುಟ್ಟು ತುಂಡಾಗಿರಬಹುದು. ಎಂಟರ ಎರಡು ಪೆಟ್ಟಿಗೆಗಳನ್ನು ಸಮಾಂತರವಾಗಿ ಜೋಡಿಸಿದರೆ ನಾಲ್ಕು ಓಮ್. ಟ್ರಾನ್ಸಿಸ್ಟರ್ ಆಂಪಿಗೆ ಹೇಳಿದ್ದಕ್ಕಿಂತ ಕಡಿಮೆ ಓಮ್ ಕೊಡಬಾರದು. ವಾಲ್ವ್ ಆಂಪಿನ ಓಮ್ ಪೆಟ್ಟಿಗೆಯ ಓಮಿಗೆ ಸರಿಹೊಂದಿರಬೇಕು, ಸ್ಪೀಕರ್ ಇಲ್ಲದೆ ಅದನ್ನು ನುಡಿಸಲೇಬಾರದು. ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಆಂಪಿನಿಂದ ಪೆಟ್ಟಿಗೆಗೆ ಗಿಟಾರ್ ಕೇಬಲ್ ಬೇಡ. ನೋಡಲು ಎರಡೂ ಒಂದೇ ಥರ, ಆದರೆ ಗಿಟಾರಿನದರೊಳಗೆ ಇರುವುದು ನೂಲಿನಂಥ ತಂತಿ.

ಮೈಸೂರಿನಲ್ಲೇ ಬೆಳೆದು, ಭರತನಾಟ್ಯ ಕಲಿತು, ಆಮೇಲೆ ಗಿಟಾರ್ ಹಿಡಿದ ರಘು ದೀಕ್ಷಿತ್ ಅವರ ಹಾಡು ಕೇಳಿ ಗಿಟಾರ್ ಕಲಿತವರು ಈ ಊರಿನಲ್ಲಿ ಬಹಳ. ಅವರ ಹಾಗೆ ಅಕೌಸ್ಟಿಕ್ ನುಡಿಸುವವರಿಗೆ ಈವರೆಗೆ ಹೇಳಿದ ಪೆಟ್ಟಿಗೆಗಳು ಹೊಂದುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ಸ್ಪೀಕರು ಸುಮಾರು ಐದು ಸಾವಿರ ಹರ್ಟ್ಜ್ ಮೇಲೆ ಮುಗಿದೇಹೋಗುತ್ತದೆ, ತಂತಿಯ ಮಿನುಗು ಇರುವುದು ಅದರಾಚೆ. ಅಂಥವರು ಡಿಐ ಬಾಕ್ಸ್ ಕೊಂಡು ನೇರ ಪಿಎಗೆ ಹೋಗಲಿ.

ಕರೆಂಟಿನ ವಿಷಯದಲ್ಲಿ ನಾನು ತುಸು ಹಟಮಾರಿ. ಅಮೆರಿಕದಿಂದ ನೆಂಟರು ತಂದುಕೊಟ್ಟ 120 ವೋಲ್ಟಿನ ಆಂಪನ್ನು ನಮ್ಮ 230 ವೋಲ್ಟಿಗೆ ಹಾಕಿದರೆ ಅಂದೇ ಅದರ ಕೊನೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಗುಂಯ್‌ಗುಡುತ್ತದೆಂದು ಅರ್ಥಿಂಗ್ ಪಿನ್ ಕೀಳುವವರನ್ನು ಕೈಹಿಡಿದು ತಡೆಯಿರಿ. ಬಯಲಿನಲ್ಲಿ ಜನರೇಟರ್ ಮೇಲೆ ನುಡಿಸುವಾಗ ತಂತಿಯ ಮೇಲೆ ಬೆರಳು, ಮೈಕಿನ ಜಾಲರಿಗೆ ತುಟಿ. ಎರಡರ ನಡುವೆ ವೋಲ್ಟೇಜ್ ಇದ್ದರೆ ಜೀವಕ್ಕೇ ಅಪಾಯ.

ಆಂಪಿನ ಮುಂದೆ ಮೈಕ್ ಇಡುವ ಮುಂಚೆ ಮೊಬೈಲ್ ಟಾರ್ಚ್ ಹಿಡಿದು ಪೆಟ್ಟಿಗೆಯ ಬಟ್ಟೆಯ ಹಿಂದೆ ಸ್ಪೀಕರ್ ಎಲ್ಲಿದೆ ನೋಡಿ. ನಡುವೆ ಸಣ್ಣ ಗುಮ್ಮಟ, ಸುತ್ತ ಕಾಗದದ ಇಳಿಜಾರು. ಎಲ್ಲ ಸೌಂಡ್‌ನವರ ಬಳಿಯೂ ಇರುವ ಷೂರ್ ಎಸ್‌ಎಂ57 ಮೈಕನ್ನು ಗುಮ್ಮಟದ ಅಂಚಿಗೆ, ಬಟ್ಟೆಯಿಂದ ಎರಡು ಬೆರಳು ದೂರ ಇಡಿ. ನಡುವಿಗೆ ಸರಿಸಿದರೆ ಸದ್ದು ಚೂಪು, ಹೊರಕ್ಕೆ ಸರಿಸಿದರೆ ಮೃದು.

ಕೊಳ್ಳುವ ಮೊದಲು ಡ್ರಮ್ಮರನನ್ನು ಕರೆದುಕೊಂಡು ಒಂದು ಅಭ್ಯಾಸದ ಕೋಣೆಗೆ ಹೋಗಿ. ಅವನು ವೇದಿಕೆಯ ಮೇಲೆ ಹೊಡೆಯುವಷ್ಟೇ ಜೋರಾಗಿ ಹೊಡೆಯಲಿ. ಒಡೆದ ಸದ್ದು (ಡಿಸ್ಟಾರ್ಷನ್) ಬೇಕೆನ್ನುವವರಿಗೆ ಹದಿನೈದು ವಾಟ್ ವಾಲ್ವ್ ಆಂಪ್ ಹೆಚ್ಚೇ ಆದೀತು. ತಿಳಿಯಾದ ಸದ್ದು ಬೇಕಿದ್ದವರು ಮೂವತ್ತು, ನಲವತ್ತರಿಂದ ಶುರು ಮಾಡಿ. ವಾಲ್ಯೂಮ್ ಅರ್ಧಕ್ಕಿಟ್ಟು ಒಂದು ಕಾರ್ಡ್ ಬಾರಿಸಿದಾಗ, ಸ್ನೇರ್ ಡ್ರಮ್ಮಿನ ಪೆಟ್ಟಿನ ಕೆಳಗೂ ಆರೂ ತಂತಿ ಬೇರೆಬೇರೆಯಾಗಿ ಕೇಳಿಸಿದರೆ ಅದೇ ನಿಮ್ಮ ಆಂಪ್.