ಮಕ್ಕಳ ಮನೆಯ ರಾತ್ರಿಗಳು

ಗಲಿಲೀ ಸರೋವರದಿಂದ ಜೋರ್ಡನ್ ನದಿ ಹೊರಡುವ ಎಡೆಯಲ್ಲಿ, ಉಮ್ ಜುನಿ ಎಂಬ ಅರಬ್ ಹಳ್ಳಿಯ ನೆಲದಲ್ಲಿ, 1910ರಲ್ಲಿ ಹತ್ತು ಗಂಡಸರೂ ಇಬ್ಬರು ಹೆಂಗಸರೂ ಸೇರಿ ಬೇಸಾಯಕ್ಕಿಳಿದರು. ಊರಿಗೆ ಡೆಗಾನಿಯಾ ಎಂದು ಹೆಸರಿಟ್ಟರು. ಯಾರಿಗೂ ಸ್ವಂತ ಆಸ್ತಿಯಿಲ್ಲ. ಗಳಿಕೆ ಎಲ್ಲರದು, ಅಡುಗೆಮನೆ ಒಂದೇ. ಇಸ್ರೇಲ್ ದೇಶ ಹುಟ್ಟುವುದಕ್ಕೆ 38 ವರ್ಷ ಮೊದಲೇ ಶುರುವಾದ ಕಿಬ್ಬುಟ್ಸ್ ಪದ್ಧತಿಯ ಮೊದಲ ಊರು ಇದು. ಬಿಸಿಲು, ಮಲೇರಿಯಾ, ದುಡಿಮೆ ಎಲ್ಲಕ್ಕೂ ಅವರು ಸಿದ್ಧರಾಗಿದ್ದರು. ಮಕ್ಕಳನ್ನು ಬೆಳೆಸುವುದು ಹೇಗೆಂಬ ಪ್ರಶ್ನೆ ಮಾತ್ರ ಆಮೇಲೆ ಎದುರಾಯಿತು.

1913ರಲ್ಲಿ ಅಲ್ಲಿ ಮೊದಲ ಮಗು ಹುಟ್ಟಿತು. ತಾಯಿ ಮಿರಿಯಂ ಬಾರಾಟ್ಸ್ ಹೈನಿನ ಕೆಲಸ ನೋಡಿಕೊಳ್ಳುತ್ತಿದ್ದವರು. ಆ ಕೆಲಸ ಬಿಡಲು ಅವರಿಗೆ ಮನಸ್ಸಿರಲಿಲ್ಲ. ಕೂಸನ್ನೂ ಎತ್ತಿಕೊಂಡು ಕೊಟ್ಟಿಗೆಗೆ ಹೋಗುತ್ತಿದ್ದರು. ಇನ್ನೂ ಮಕ್ಕಳಾದಾಗ ಊರಿನ ಮುಂದೆ ಪ್ರಶ್ನೆ ಬಂತು: ಮಕ್ಕಳ ಹೊಣೆ ಹೆತ್ತವರದೋ, ಎಲ್ಲರದೋ? ಎಲ್ಲರದು ಎಂಬ ಉತ್ತರವೇ ಗೆದ್ದಿತು.

ಇಪ್ಪತ್ತರ ದಶಕದಿಂದ ಎದ್ದ ಕಿಬ್ಬುಟ್ಸ್‌ಗಳಲ್ಲಿ ಹೆಚ್ಚಿನವು ಈ ಉತ್ತರವನ್ನು ಇನ್ನಷ್ಟು ದೂರ ಕೊಂಡೊಯ್ದವು. ಮಕ್ಕಳಿಗೆಂದೇ ಪ್ರತ್ಯೇಕ ಮನೆ ಕಟ್ಟಿದವು. ಇದಕ್ಕೆ ಬಲವಾದ ಕಾರಣಗಳಿದ್ದವು. ದೊಡ್ಡವರು ಗುಡಾರದಲ್ಲೋ ಶೆಡ್ಡಿನಲ್ಲೋ ಇದ್ದಾಗ, ಭದ್ರವಾದ ಕಟ್ಟಡ ಮಕ್ಕಳಿಗೆ ಮೀಸಲಾಯಿತು. ಹೆಂಗಸರು ಗಂಡಸರ ಸಮಕ್ಕೆ ದುಡಿಯಬೇಕೆಂಬ ಆಸೆಯಿತ್ತು. ಹಂಚಿಕೊಂಡು ಬಾಳುವುದು ತೊಟ್ಟಿಲಿನಿಂದಲೇ ಬರಬೇಕೆಂಬ ನಂಬಿಕೆಯೂ ಇತ್ತು.

ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಶಿಶುಗೃಹ ಸೇರುತ್ತಿತ್ತು. ಹಾಲೂಡಿಸಲು ತಾಯಿ ಅಲ್ಲಿಗೇ ಬರುತ್ತಿದ್ದಳು. ದೊಡ್ಡದಾದಂತೆ ಸರಿವಯಸ್ಸಿನವರೊಂದಿಗೇ ಊಟ, ಸ್ನಾನ, ಪಾಠ, ನಿದ್ದೆ. ಬಟ್ಟೆ, ಆಟಿಕೆ ಎಲ್ಲವೂ ಗುಂಪಿನವು. ಸಂಜೆ ಕೆಲಸ ಮುಗಿದ ಮೇಲೆ ಅಪ್ಪ ಅಮ್ಮನ ಕೋಣೆಯಲ್ಲಿ ಎರಡು ಮೂರು ಗಂಟೆ. ಆಗ ಬೇರೆ ಕೆಲಸವಿಲ್ಲ, ಆಟ, ಮಾತು, ತಿಂಡಿ ಅಷ್ಟೇ. ರಾತ್ರಿ ಹೆತ್ತವರು ಮಗುವನ್ನು ಮಕ್ಕಳ ಮನೆಯಲ್ಲಿ ಮಲಗಿಸಿ ಹಿಂತಿರುಗುತ್ತಿದ್ದರು. ನಡುರಾತ್ರಿ ಎಚ್ಚರವಾಗಿ ಅತ್ತರೆ ಬರುತ್ತಿದ್ದವಳು ಸರದಿಯ ಕಾವಲುಗಾತಿ. ಸರದಿ ಬದಲಾದಾಗ ಮುಖವೂ ಬದಲಾಗುತ್ತಿತ್ತು.

ಹೆಂಗಸರ ಸಮಾನತೆಯ ಆಸೆ ಅಂದುಕೊಂಡಂತೆ ಈಡೇರಲಿಲ್ಲ. ಮಕ್ಕಳನ್ನು ನೋಡಿಕೊಳ್ಳುವುದು ಊರಿನ ಕೆಲಸವಾಯಿತೇ ಹೊರತು ಗಂಡಸರ ಕೆಲಸವಾಗಲಿಲ್ಲ. ಹೊಲದ ಕನಸು ಕಂಡ ಹೆಂಗಸರಲ್ಲಿ ಬಹಳ ಮಂದಿ ಅಡುಗೆಮನೆ, ಬಟ್ಟೆ ಒಗೆಯುವ ಮನೆ, ಮಕ್ಕಳ ಮನೆಗಳಲ್ಲೇ ಉಳಿದರು.

ಬದಲಾವಣೆಗೆ ದನಿ ಎತ್ತಿದವರಲ್ಲೂ ತಾಯಂದಿರೇ ಮುಂದಿದ್ದರು. ಮಕ್ಕಳನ್ನು ರಾತ್ರಿ ಮನೆಗೆ ಕೊಡಿ ಎಂದು ಸಭೆಗಳಲ್ಲಿ ಕೇಳಿದರು. ಇದು ಬರೀ ತತ್ವದ ಜಗಳವಾಗಿರಲಿಲ್ಲ. ಒಂದೇ ಕೋಣೆಯ ಮನೆಗಳಿಗೆ ಇನ್ನೊಂದು ಕೋಣೆ ಸೇರಿಸುವ ಖರ್ಚೂ ಇತ್ತು. ಅರವತ್ತರ ದಶಕದ ಬಳಿಕ ಒಂದೊಂದೇ ಊರು ಒಪ್ಪಿಕೊಂಡಿತು. 1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಕ್ಷಿಪಣಿಗಳು ಬೀಳತೊಡಗಿದಾಗ ಉಳಿದ ಊರುಗಳಲ್ಲೂ ಮಕ್ಕಳು ಹೆತ್ತವರ ಮಗ್ಗುಲಿಗೆ ಬಂದರು. ಆ ದಶಕ ಕಳೆಯುವುದರೊಳಗೆ ಪದ್ಧತಿ ಮುಗಿಯಿತು.

1994ರಲ್ಲಿ ಮನೋವಿಜ್ಞಾನಿ ಅವಿ ಸಾಗಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಈ ತಾಯಂದಿರ ಮಾತಿಗೆ ಒತ್ತಾಸೆಯಾಯಿತು. ರಾತ್ರಿ ಮನೆಯಲ್ಲಿ ಮಲಗುವ ಮತ್ತು ಮಕ್ಕಳ ಮನೆಯಲ್ಲಿ ಮಲಗುವ ಶಿಶುಗಳನ್ನು ಅದು ಹೋಲಿಸಿತು. ಹಗಲು ಎರಡೂ ಗುಂಪಿನ ಮಕ್ಕಳಿಗೆ ಕಿಬ್ಬುಟ್ಸ್‌ನ ಆರೈಕೆಯೇ. ರಾತ್ರಿ ಮನೆಯಲ್ಲಿ ಮಲಗುವ ಶಿಶುಗಳಲ್ಲಿ ಶೇ 80ರಷ್ಟು ತಾಯಿಯೊಂದಿಗೆ ಭದ್ರವಾದ ನಂಟು ಹೊಂದಿದ್ದವು. ಮಕ್ಕಳ ಮನೆಯಲ್ಲಿ ಮಲಗುವವುಗಳಲ್ಲಿ ಈ ಪ್ರಮಾಣ ಶೇ 48 ಮಾತ್ರ.

ಹಾಗೆಂದು ಇಡೀ ಪ್ರಯೋಗವನ್ನು ತಳ್ಳಿಹಾಕುವುದು ನ್ಯಾಯವಲ್ಲ. ಹಗಲಿನ ಮಕ್ಕಳ ಮನೆಗಳು ಇಂದಿಗೂ ನಡೆಯುತ್ತಿವೆ. ದುಡಿಯುವ ತಾಯಿಗೆ ಊರು ಆಸರೆಯಾಗಬೇಕು ಎಂಬ ಮಿರಿಯಂ ಕಾಲದ ಬೇಡಿಕೆ ಆಗಲೂ ಸರಿ, ಈಗಲೂ ಸರಿ. ಆದರೆ ಆ ಆಸರೆ ತಾಯಿ ತಂದೆಯ ಜೊತೆಗೆ ನಿಲ್ಲಬೇಕು, ಅವರ ಜಾಗದಲ್ಲಲ್ಲ. ಅದರ ದುಡಿಮೆಯಲ್ಲಿ ಗಂಡಸರಿಗೂ ಸಮಪಾಲು ಇರಲೇಬೇಕು.