ಹೂದಾನಿಯಲ್ಲಿ ಅರಳಿದ್ದು ಹಿಮಾಲಯದ ಬ್ರಹ್ಮಕಮಲವೇ?

ಮಳೆಗಾಲ ಬಂತೆಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಈ ಫೋಟೋ ಖಚಿತ: ರಾತ್ರಿ ಅರಳಿದ ದೊಡ್ಡ ಬಿಳಿ ಹೂವು, ಅದರ ಮುಂದೆ ದೀಪ. ಜೊತೆಗೊಂದು ಸಂದೇಶ: "ಹಿಮಾಲಯದ ಬ್ರಹ್ಮಕಮಲ, 14 ವರ್ಷಕ್ಕೊಮ್ಮೆ ಮಾತ್ರ ಅರಳುತ್ತದೆ, 10 ಜನರಿಗೆ ಕಳಿಸಿ."

ವಾಸ್ತವ ಏನು?

ನಮ್ಮ ಮನೆಗಳ ಕುಂಡದಲ್ಲಿರುವುದು ಎಪಿಫಿಲಮ್ ಆಕ್ಸಿಪೆಟಾಲಮ್. ಇದು ಪಾಪಾಸುಕಳ್ಳಿಯ ಕುಟುಂಬದ್ದು, ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ರಾತ್ರಿ ಹಾರುವ ಪತಂಗಗಳನ್ನು ಸೆಳೆಯಲು ಕತ್ತಲಲ್ಲಿ ಅರಳಿ, ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಬಲಿತ ಗಿಡ ಪ್ರತಿ ವರ್ಷವೂ ಹೂ ಬಿಡುತ್ತದೆ. 14 ವರ್ಷದ ಲೆಕ್ಕ ಸುಳ್ಳು.

ಹಾಗಾದರೆ ಹಿಮಾಲಯದ್ದು ಯಾವುದು?

ಅದು ಸಾಸ್ಸೂರಿಯಾ ಒಬ್ವಲಾಟಾ, ಸೂರ್ಯಕಾಂತಿಯ ಕುಟುಂಬದ ಸಸ್ಯ, ಉತ್ತರಾಖಂಡದ ರಾಜ್ಯ ಪುಷ್ಪ. ಚಮೋಲಿ ಜಿಲ್ಲೆಯ ಹೂಗಳ ಕಣಿವೆ ರಾಷ್ಟ್ರೀಯ ಉದ್ಯಾನ ಮತ್ತು ಪಕ್ಕದ ಹೇಮಕುಂಡ್ ಸಾಹಿಬ್ ದಾರಿಯ ಎತ್ತರದ ಇಳಿಜಾರುಗಳಲ್ಲಿ ಮಳೆಗಾಲದಲ್ಲಿ ಕಾಣಸಿಗುತ್ತದೆ. ನಾವು ದಳವೆಂದುಕೊಳ್ಳುವ ತಿಳಿ ಹಳದಿ ಭಾಗ ನಿಜಕ್ಕೂ ಕಾಗದದಷ್ಟು ತೆಳುವಾದ ಎಲೆ ಹೊದಿಕೆ. ಒಳಗಿರುವ ನೇರಳೆ ಬಣ್ಣದ ಪುಟ್ಟ ಹೂಗಳನ್ನು ಅದು ಚಳಿ, ಮಳೆಯಿಂದ ಕಾಯುತ್ತದೆ.

ಕಥೆ ಮತ್ತು ಕಾಳಜಿ

ಈ ಕಣಿವೆಯಲ್ಲಿ ಅಪ್ಸರೆಯರು ಓಡಾಡುತ್ತಾರೆ ಎಂಬ ಕಥೆಗಳು ಸ್ಥಳೀಯರಲ್ಲಿವೆ. ಪರ್ವತಾರೋಹಿ ಫ್ರಾಂಕ್ ಸ್ಮಿತ್ 1931ರಲ್ಲಿ ಇಲ್ಲಿಗೆ ಬಂದು, ನಂತರ ಪುಸ್ತಕ ಬರೆದ ಮೇಲೆ ಹೊರಜಗತ್ತಿಗೆ ಇದರ ಹೆಸರು ತಿಳಿಯಿತು. 1982ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಗಢವಾಲದ ಹಳ್ಳಿಗಳಲ್ಲಿ ನಂದಾಷ್ಟಮಿಗೆ ಮೊದಲು ಬ್ರಹ್ಮಕಮಲ ಕೀಳಬಾರದು ಎಂಬ ಕಟ್ಟುಪಾಡಿದೆ. ಅದು ನಂಬಿಕೆಯೇ ಇರಬಹುದು, ಆದರೆ ಲಾಭ ಗಿಡಕ್ಕೆ: ಅಷ್ಟರೊಳಗೆ ಬೀಜ ಕಟ್ಟಲು ಸಮಯ ಸಿಗುತ್ತದೆ. ಬೀಜಕ್ಕೆ ಮೊದಲೇ ಹೂ ಕಿತ್ತರೆ ಮುಂದಿನ ಪೀಳಿಗೆಯೇ ಇಲ್ಲ. ಪೂಜೆಗೆ, ಮದ್ದಿಗೆ, ಮಾರಾಟಕ್ಕೆ ಎಂದು ಮಿತಿಮೀರಿ ಕಿತ್ತಿದ್ದರಿಂದಲೇ ಈ ಸಸ್ಯ ಹಲವೆಡೆ ವಿರಳವಾಗಿದೆ. "ಸರ್ವರೋಗಕ್ಕೂ ಮದ್ದು" ಎಂಬ ಫಾರ್ವರ್ಡ್‌ಗಳು ಆ ಬೇಡಿಕೆಗೆ ಇನ್ನಷ್ಟು ಗೊಬ್ಬರ ಹಾಕುತ್ತವೆ. ರಾಷ್ಟ್ರೀಯ ಉದ್ಯಾನದೊಳಗೆ ಹೂ ಕೀಳುವುದು ಕಾನೂನುಬಾಹಿರ ಕೂಡ.

ಕೊನೆಯ ಮಾತು

ಮನೆಯಲ್ಲಿ ಅರಳಿದ ಹೂವಿನ ಫೋಟೋ ಖುಷಿಯಿಂದ ಹಂಚಿಕೊಳ್ಳಿ, ಪೂಜೆಗೂ ಇಡಿ. "14 ವರ್ಷಕ್ಕೊಮ್ಮೆ", "ಹಿಮಾಲಯದ್ದು", "ಸರ್ವರೋಗಕ್ಕೂ ಮದ್ದು" ಎಂಬ ಸಾಲುಗಳನ್ನು ಮಾತ್ರ ಅಳಿಸಿ ಕಳಿಸಿ.