ನೀರು ಕುಡಿಯುವ ಅಂಬಾಸಿಡರ್: ಕಳ್ಳ ಫ್ಯಾನಿನ ಹಿಂದೆ!

ಪೀಣ್ಯ: ಬೆಳಿಗ್ಗೆ ಕಂಠಪೂರ್ತಿ ನೀರು, ಸಂಜೆಗೆ ರೇಡಿಯೇಟರ್ ಬರಿದು. ನೆಲದ ಮೇಲೆ ಒಂದು ತೊಟ್ಟೂ ಇಲ್ಲ! ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಬುಸುಗುಟ್ಟುವ ಹಳೇ ಪೆಟ್ರೋಲ್ ಅಂಬಾಸಿಡರ್ ಮಾಲೀಕರ ಗೋಳಿದು. “ರೇಡಿಯೇಟರೇ ಬದಲಾಯಿಸಿ ಸಾರ್” ಎಂಬ ಸಲಹೆಗೆ ಹೂಂ ಅಂದರೆ ಜೇಬಿಗೆ ಕತ್ತರಿ.

ಈ ಗಾಡಿಯಲ್ಲಿ ಫ್ಯಾನ್ ಕೂತಿರುವುದೇ ವಾಟರ್ ಪಂಪಿನ ಮೂತಿಗೆ. ಪಂಪಿನೊಳಗಿನ ಸೀಲು ಸವೆದರೆ ಎಷ್ಟೋ ಸಲ ಎಂಜಿನ್ ಓಡುವಾಗ ಮಾತ್ರ ನೀರು ಜಿನುಗುತ್ತೆ. ಫ್ಯಾನಿನ ಗಾಳಿಗೆ ಅದು ಚಿಮ್ಮಿ ಒಣಗಿಬಿಡುತ್ತೆ. ಉಳಿಯುವ ಸಾಕ್ಷಿ ಒಂದೇ: ಪಂಪಿನಡಿಯ ಸಣ್ಣ ತೂತಿನಿಂದ ಇಳಿದ ತುಕ್ಕು ಬಣ್ಣದ ಗೆರೆ. ಪಳಗಿದ ಮೆಕ್ಯಾನಿಕ್ ಟಾರ್ಚ್ ಬಿಡುವುದು ಅಲ್ಲಿಗೇ. ಗೆರೆ ಇಲ್ಲದೆ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಗುಮಾನಿ. ಅದು ದೊಡ್ಡ ಖರ್ಚು.

2014ರಲ್ಲಿ ತಯಾರಿಕೆ ನಿಂತ ಗಾಡಿ. ಪಂಪಿಗೆ ಹಳೇ ಸಾಮಾನಿನ ಅಂಗಡಿ ಸುತ್ತಬೇಕಾದೀತು. ಎಂಜಿನ್ ಆರುವ ಮುನ್ನ ಮಾತ್ರ ಮುಚ್ಚಳಕ್ಕೆ ಕೈ ಹಾಕಬೇಡಿ, ಮುಖ ಸುಟ್ಟೀತು!